ಎಕ್ಸೆಲ್‌ನ ಎನ್‌ಪಿವಿ, ಐಆರ್‌ಆರ್ ಫಂಕ್ಷನ್‌ಗಳು: ನಮ್ಮನೆ ಗಾಣದ ಲೆಕ್ಕ ಹಾಕಿ ನೋಡಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಎಕ್ಸೆಲ್ ಪೂರ್ತಿ ರಿವ್ಯೂ ಅಲ್ಲ. ಅದ್ರಲ್ಲಿರೋ ನಾಲ್ಕೈದು ಫೈನಾನ್ಸ್ ಫಂಕ್ಷನ್‌ಗಳದ್ದು ಮಾತ್ರ, ಎನ್‌ಪಿವಿ, ಐಆರ್‌ಆರ್, ಎಂಐಆರ್‌ಆರ್, ಎಕ್ಸ್‌ಐಆರ್‌ಆರ್, ಜೊತೆಗೆ ಗೋಲ್ ಸೀಕ್ ಅನ್ನೋ ಟೂಲ್. ಒಂದು ಕೆಲಸಕ್ಕೆ ದುಡ್ಡು ಹಾಕಿದ್ರೆ ಲಾಭ ಇದೆಯಾ ಅಂತ ಲೆಕ್ಕ ಹಾಕೋಕೆ ಇರೋವು ಇವು, ಎನ್‌ಪಿವಿ ಅದನ್ನ ರೂಪಾಯಿಲಿ ಹೇಳುತ್ತೆ, ಐಆರ್‌ಆರ್ ವರ್ಷದ ಪರ್ಸೆಂಟಲ್ಲಿ, ಬಿಡಿಸಿ ಮುಂದೆ ಹೇಳ್ತೀನಿ. ನಾನು ಬೆಂಗಳೂರಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಎಕ್ಸೆಲ್ ದಿನಾ ತೆಗೀತೀನಿ, ಆದ್ರೆ ಮೊತ್ತ ಹಾಕೋದು, ವಿ-ಲುಕಪ್, ಪಿವೋಟ್ ಇಷ್ಟೇ ನನ್ನ ಪ್ರಪಂಚ. ಈ ಫಂಕ್ಷನ್‌ಗಳನ್ನ ಬಿ.ಕಾಂನಲ್ಲಿ ಟೇಬಲ್ ನೋಡ್ಕೊಂಡು ಪೇಪರ್ ಮೇಲೆ ಮಾಡಿದ್ದೆ, ಪಾಸಾದ್ಮೇಲೆ ಮರ್ತಿದ್ದೆ. ಮತ್ತೆ ಬೇಕಾಗಿದ್ದು ಮನೇಲಿ ಗಾಣ ಹಾಕೋ ಮಾತು ಬಂದಾಗ.

ನಮ್ಮೂರು ಚಳ್ಳಕೆರೆ ಕಡೆ. ಶೇಂಗಾ ಬೆಳೆಯೋ ಸೀಮೆ, ಚಳ್ಳಕೆರೆನ ಎಣ್ಣೆ ನಗರ ಅಂತ ಕರೆದಿದ್ದೇ ಅಲ್ಲಿನ ಎಣ್ಣೆ ಮಿಲ್ಲುಗಳಿಂದ. ತಮ್ಮ ಕೆಲಸ ಬಿಟ್ಟು ಊರಿಗೆ ಬಂದ, ಮರದ ಗಾಣ ಹಾಕ್ತೀನಿ ಅಂದ. ಅಪ್ಪಂಗೂ ಮನಸ್ಸಿತ್ತು. ಪ್ರಶ್ನೆ ಇದ್ದಿದ್ದು ಎಷ್ಟು ದೊಡ್ಡದು ಅಂತ. ಮನೆ ಪಕ್ಕದ ರೂಮಲ್ಲಿ ಒಂದೇ ಒಂದು ಗಾಣ ಇಟ್ಟು ಶುರು ಮಾಡೋದಾ, ಇಲ್ಲ ರಸ್ತೆ ಪಕ್ಕ ಇರೋ ನಮ್ಮ ಖಾಲಿ ಸೈಟಲ್ಲಿ ಶೆಡ್ ಹಾಕಿ ಮೂರು ಗಾಣ, ಫಿಲ್ಟರ್, ಪ್ಯಾಕಿಂಗ್ ಎಲ್ಲ ಸೇರಿಸಿ ಸರಿಯಾಗಿ ಒಂದು ಯೂನಿಟ್ ಮಾಡೋದಾ. ಎರಡೂ ಒಟ್ಟಿಗೆ ಆಗಲ್ಲ, ಒಂದನ್ನ ಆರಿಸ್ಬೇಕು.

ತಮ್ಮ ಒಬ್ರು ಕನ್ಸಲ್ಟೆಂಟ್ ಹತ್ರ ಪ್ರಾಜೆಕ್ಟ್ ರಿಪೋರ್ಟ್ ಮಾಡ್ಸಿದ್ದ, ಎಂಟು ಸಾವಿರ ಕೊಟ್ಟು. ಸ್ಪೈರಲ್ ಬೈಂಡಿಂಗ್, ಕಲರ್ ಪ್ರಿಂಟ್, ನಲವತ್ತು ಪೇಜ್. ದೊಡ್ಡ ಯೂನಿಟ್‌ಗೆ ಮಾತ್ರ ಮಾಡಿದ್ರು. ಅದ್ರಲ್ಲಿ ಪೇಬ್ಯಾಕ್ (ಹಾಕಿದ ದುಡ್ಡು ವಾಪಸ್ ಬರೋಕೆ ಹಿಡಿಯೋ ಸಮಯ) ಮೂರು ವರ್ಷದೊಳಗೆ, ಐಆರ್‌ಆರ್ 20%, ಡಿಎಸ್‌ಸಿಆರ್ 1.8 ಅಂತಿತ್ತು. ಡಿಎಸ್‌ಸಿಆರ್ ಅಂದ್ರೆ ವರ್ಷಕ್ಕೆ ಕಟ್ಬೇಕಾದ ಕಂತು ಬಡ್ಡಿಗೆ ಹೋಲಿಸಿದ್ರೆ ಕೈಗೆ ಬರೋ ದುಡ್ಡು ಎಷ್ಟು ಪಟ್ಟು ಇದೆ ಅನ್ನೋದು, ಬ್ಯಾಂಕಿನೋರು ಮೊದ್ಲು ಕಣ್ಣಾಡಿಸೋದೇ ಅಲ್ಲಿಗೆ, ಅವ್ರ ಸಾಲ ವಾಪಸ್ ಬರುತ್ತಾ ಇಲ್ವಾ ಅಂತ ತಿಳ್ಕೊಳ್ಳೋಕೆ ಅದು ಸರಿಯಾದ ಅಳತೆನೇ. ಆದ್ರೆ ಆ ನಲವತ್ತು ಪೇಜಲ್ಲಿ ನಮ್ಮ ದುಡ್ಡಿಗೆ ಏನಾಗುತ್ತೆ ಅನ್ನೋದು ಎಲ್ಲೂ ಇರ್ಲಿಲ್ಲ. ಎನ್‌ಪಿವಿ ಅನ್ನೋ ಸಾಲೇ ಇರ್ಲಿಲ್ಲ. ಅಪ್ಪ ಫೋನಲ್ಲಿ, "ಇಪ್ಪತ್ತು ಪರ್ಸೆಂಟ್ ಅಂತೆ ಕಣಮ್ಮ, ಎಫ್‌ಡಿಲಿ ಏಳು ಕೊಡ್ತಾರೆ, ಮೂರು ಪಟ್ಟು ಆಯ್ತಲ್ಲ" ಅಂದ್ರು. ಆ ಮಾತು ಕೇಳಿದ್ಮೇಲೆ ನಂಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಅದು ಅಪ್ಪನ ಜೀವಮಾನದ ಉಳಿತಾಯ.

ಶನಿವಾರ ಲ್ಯಾಪ್‌ಟಾಪ್ ತೆಗ್ದು ಕೂತೆ. ಎರಡು ಕಾಲಂ, ಚಿಕ್ಕದು ದೊಡ್ಡದು. ಚಿಕ್ಕದಕ್ಕೆ ಖರ್ಚು 5 ಲಕ್ಷ, ವರ್ಷಕ್ಕೆ ಕೈಗೆ ಉಳಿಯೋದು 1,80,000. ದೊಡ್ಡದಕ್ಕೆ ಖರ್ಚು 14 ಲಕ್ಷ, ವರ್ಷಕ್ಕೆ 4,70,000. ಹಿಂಡಿ ಮಾರಿದ ದುಡ್ಡು ಸೇರಿಸಿ, ಕರೆಂಟು, ಆಳಿನ ಕೂಲಿ, ತಮ್ಮಂಗೆ ಒಂದು ಸಂಬಳ ಎಲ್ಲ ಕಳೆದು. (ತಮ್ಮನ ಸಂಬಳ ರಿಪೋರ್ಟಲ್ಲಿ ಇರ್ಲಿಲ್ಲ, ನಾನೇ ಹಾಕಿದ್ದು, ಮನೆಯವ್ರು ದುಡಿದ್ರೆ ಅದು ಬಿಟ್ಟಿ ಅಲ್ಲ.) ಐದು ವರ್ಷ ಅಂತ ಇಟ್ಕೊಂಡೆ.

ಇಲ್ಲಿ ಫಂಕ್ಷನ್ ಕೆಲಸ ಶುರು. ಐಆರ್‌ಆರ್ ಹಾಕಿದ್ರೆ ಚಿಕ್ಕದು 23.4%, ದೊಡ್ಡದು 20.2%. ಪೇಬ್ಯಾಕ್‌ಗೆ ಫಂಕ್ಷನ್ ಇಲ್ಲ, ಭಾಗಾಕಾರ ಸಾಕು, ಚಿಕ್ಕದು 2.8 ವರ್ಷ, ದೊಡ್ಡದು 3ಕ್ಕೆ ಸ್ವಲ್ಪ ಕಮ್ಮಿ. ಎರಡು ಅಳತೆನೂ ಚಿಕ್ಕದೇ ವಾಸಿ ಅಂತು. ಆಮೇಲೆ 12% ರೇಟಿಗೆ ಎನ್‌ಪಿವಿ ಹಾಕಿದ್ರೆ ಚಿಕ್ಕದು 1,48,860, ದೊಡ್ಡದು 2,94,245. ಉಲ್ಟಾ! ದೊಡ್ಡದೇ ಹತ್ತತ್ರ ಎರಡು ಪಟ್ಟು ವಾಸಿ. ಕಾಲೇಜಲ್ಲಿ ಇದನ್ನ ಪಾಠದಲ್ಲಿ ಓದಿದ್ವಿ, ಎರಡ್ರಲ್ಲಿ ಒಂದನ್ನೇ ಆರಿಸ್ಬೇಕಾದಾಗ, ಸೈಜ್ ಬೇರೆ ಬೇರೆ ಇದ್ದಾಗ ಐಆರ್‌ಆರ್‌ಗೂ ಎನ್‌ಪಿವಿಗೂ ಜಗಳ ಬರುತ್ತೆ ಅಂತ, ಆದ್ರೆ ನಮ್ಮನೆ ಲೆಕ್ಕದಲ್ಲೇ ಅದು ಎದುರಿಗೆ ಬಂದಾಗ ಬೇರೆ ಥರ ಅನ್ಸುತ್ತೆ.

ಗೊತ್ತಿಲ್ದೋರಿಗೆ ಎರಡು ಸಾಲಲ್ಲಿ ಹೇಳ್ತೀನಿ. ಐದು ವರ್ಷ ಆದ್ಮೇಲೆ ಬರೋ 1 ಲಕ್ಷ ಇವತ್ತಿನ 1 ಲಕ್ಷಕ್ಕೆ ಸಮ ಅಲ್ಲ, ವರ್ಷಕ್ಕೆ 12% ದುಡಿಯೋ ದುಡ್ಡು ನಮ್ಮದು ಅಂದ್ಕೊಂಡ್ರೆ ಅದು ಇವತ್ತಿನ 56,743 ರೂಪಾಯಿಗೆ ಸಮ. ಹಿಂಗೆ ಮುಂದೆ ಬರೋದನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಕೂಡಿ, ಹಾಕಿದ ಬಂಡವಾಳ ಕಳೆದ್ರೆ ಉಳಿಯೋದು ಎನ್‌ಪಿವಿ. ಯಾವ ರೇಟಿಗೆ ಇಳಿಸಿದ್ರೆ ಆ ಉಳಿಕೆ ಸೊನ್ನೆ ಆಗುತ್ತೋ ಆ ರೇಟು ಐಆರ್‌ಆರ್. ಒಂದು ರೂಪಾಯಿಲಿ ಉತ್ತರ ಕೊಡುತ್ತೆ, ಇನ್ನೊಂದು ಪರ್ಸೆಂಟಲ್ಲಿ. 5 ಲಕ್ಷದ ಮೇಲೆ 23% ಬಂದ್ರೂ ಮನೆಗೆ ಬರೋ ರೂಪಾಯಿ ಕಮ್ಮಿ ಇರ್ಬಹುದು, ಅಷ್ಟೇ ವಿಷ್ಯ. ಹೆಚ್ಚಿಗೆ ಹಾಕೋ 9 ಲಕ್ಷನ ಮಾತ್ರ ಬೇರೆ ಕಾಲಂ ಮಾಡಿ ಅದಕ್ಕೆ ಐಆರ್‌ಆರ್ ಹಾಕಿ ನೋಡಿದೆ, 18.3% ಬಂತು, 12ಕ್ಕಿಂತ ಮೇಲೇ ಇದೆ, ಹಂಗಾಗಿ ಆ 9 ಲಕ್ಷನೂ ದುಡೀತಾ ಇದೆ ಅಂತ ಆಯ್ತು. ಈ ಜಗಳ ಬಂದಾಗ ಬಿಡಿಸೋಕೆ ಇದೇ ಸುಲಭದ ದಾರಿ, ಎರಡು ಕಾಲಂ ಕಳೆದು ಮೂರನೇದಕ್ಕೆ ಐಆರ್‌ಆರ್.

ಎನ್‌ಪಿವಿ ಫಂಕ್ಷನ್‌ದು ಒಂದು ಸ್ವಭಾವ ಎಲ್ಲರೂ ತಿಳ್ಕೊಂಡಿರ್ಬೇಕು, ನಾನು ಮೊದಲ ಸಲ ತಪ್ಪು ಮಾಡಿದ್ದು ಇಲ್ಲೇ. ಅದು ಕೊಟ್ಟ ಮೊದಲನೇ ಮೊತ್ತನೇ ಒಂದು ವರ್ಷ ಆದ್ಮೇಲೆ ಬರೋದು ಅಂತ ತಗೊಳ್ಳುತ್ತೆ. ಇವತ್ತೇ ಹಾಕೋ ಬಂಡವಾಳನ ಒಳಗೆ ಸೇರ್ಸಿದ್ರೆ ಅದನ್ನೂ ಒಂದು ವರ್ಷ ಇಳಿಸಿಬಿಡುತ್ತೆ. ನಂಗೆ ಹಂಗೆ ದೊಡ್ಡದಕ್ಕೆ 2,62,719 ಬಂದಿತ್ತು, ಕೈಲಿ ಹಾಕಿದ ಲೆಕ್ಕಕ್ಕೆ ತಾಳೆ ಆಗ್ಲಿಲ್ಲ, ಅರ್ಧ ಗಂಟೆ ತಲೆ ಕೆಡಿಸ್ಕೊಂಡೆ. ಸರಿಯಾದ ರೀತಿ ಅಂದ್ರೆ ಬಂಡವಾಳನ ಬ್ರಾಕೆಟ್ ಹೊರಗೆ ಇಡೋದು, =ಎನ್‌ಪಿವಿ(12%, ಬಿ3:ಬಿ7)+ಬಿ2 ಈ ಥರ, ಬಿ2ನಲ್ಲಿ ಮೈನಸ್ 14 ಲಕ್ಷ ಇರುತ್ತೆ. ಐಆರ್‌ಆರ್‌ಗೆ ಹಂಗಿಲ್ಲ, ಅದಕ್ಕೆ ಬಿ2 ಇಂದಾನೇ ಎಲ್ಲ ಒಳಗೆ ಕೊಡ್ಬೇಕು. ಇದು ಎಕ್ಸೆಲ್ ಒಂದರ ಸ್ವಭಾವ ಅಲ್ಲ, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಎಲ್ಲದ್ರಲ್ಲೂ ಹಿಂಗೇ, ಹೆಲ್ಪ್ ಪೇಜಲ್ಲೂ ಬರ್ದಿದಾರೆ. ಪ್ರಾಜೆಕ್ಟ್ ರಿಪೋರ್ಟ್ ಕೈಗೆ ಬಂದ್ರೆ ಮೊದ್ಲು ಇದನ್ನ ಚೆಕ್ ಮಾಡಿ.

ದುಡ್ಡು ಸರಿಯಾಗಿ ವರ್ಷಕ್ಕೊಂದ್ಸಲ ಬರದೆ ಬೇರೆ ಬೇರೆ ತಾರೀಕಿಗೆ ಬರೋದಾದ್ರೆ ಎಕ್ಸ್‌ಎನ್‌ಪಿವಿ, ಎಕ್ಸ್‌ಐಆರ್‌ಆರ್ ಇವೆ, ಪಕ್ಕದಲ್ಲಿ ತಾರೀಕಿನ ಕಾಲಂ ಕೊಟ್ರೆ 365 ದಿನದ ಲೆಕ್ಕದಲ್ಲಿ ಇಳಿಸುತ್ತೆ. ಎಸ್‌ಐಪಿ ಕಟ್ಟೋರಿಗೆ ಎಕ್ಸ್‌ಐಆರ್‌ಆರ್ ಗೊತ್ತಿರುತ್ತೆ, ಅದೇ ಇದು. ಎಂಐಆರ್‌ಆರ್ ಕೂಡ ಒಳ್ಳೇದು, ಐಆರ್‌ಆರ್‌ನ ತಿದ್ದಿದ ರೂಪ ಅದು, ಮಧ್ಯ ಬಂದ ದುಡ್ಡನ್ನ ಯಾವ ರೇಟಿಗೆ ತಿರುಗಿ ಹಾಕ್ತೀವಿ ಅಂತ ನಾವೇ ಹೇಳ್ಬಹುದು. ಮೊದಲ ವರ್ಷ ಬಂದ ದುಡ್ಡನ್ನ ಮತ್ತೆ 23%ಗೆ ಹಾಕೋಕೆ ನಮ್ಮೂರಲ್ಲಿ ಎಲ್ಲಿದೆ ಜಾಗ? 12% ಅಂತ ಕೊಟ್ರೆ ಚಿಕ್ಕದು 18.0%, ದೊಡ್ಡದು 16.4%ಗೆ ಇಳೀತು. ಇದೇ ನಿಜಕ್ಕೆ ಹತ್ರ. ಇನ್ನೊಂದು, ಗಾಣದ ಮರದ ಭಾಗ ಸವೆದು ಮಧ್ಯದಲ್ಲಿ ದೊಡ್ಡ ಖರ್ಚು ಬಂದು ಆ ವರ್ಷದ ಮೊತ್ತ ಮೈನಸ್ ಆಗಿಬಿಟ್ರೆ ಐಆರ್‌ಆರ್‌ಗೆ ಒಂದಕ್ಕಿಂತ ಹೆಚ್ಚು ಉತ್ತರ ಇರೋ ಸಾಧ್ಯತೆ ಇದೆ, ಫಂಕ್ಷನ್ ಒಂದನ್ನೇ ತೋರ್ಸುತ್ತೆ. ಎನ್‌ಪಿವಿಗೆ ಆ ತೊಂದ್ರೆ ಇಲ್ಲ.

12% ಯಾಕೆ ಅಂತ ತಮ್ಮ ಕೇಳ್ದ. ಬ್ಯಾಂಕ್ ಸಾಲ ಹತ್ತೂವರೆ ಹೇಳಿದ್ರು, ನಮ್ಮ ಕೈಯಿಂದ ಹಾಕೋ ದುಡ್ಡಿಗೆ ರಿಸ್ಕ್ ಜಾಸ್ತಿ, ಎರಡೂ ಸೇರಿಸಿ 12 ಇಟ್ಟೆ. ರೇಟನ್ನ ಫಾರ್ಮುಲಾ ಒಳಗೆ ಟೈಪ್ ಮಾಡ್ದೆ ಒಂದು ಸೆಲ್‌ನಲ್ಲಿ ಇಟ್ಕೊಳ್ಳಿ, ಆಗ ಬದಲಾಯಿಸಿ ನೋಡೋದು ಸುಲಭ. ಬ್ಯಾಂಕ್ ಲೇಟ್ ಮಾಡಿದ್ರೆ ಕೈಸಾಲ ತಗೊಂಡು ಶುರು ಮಾಡೋಣ ಅಂತ ಒಂದು ಮಾತು ಬಂದಿತ್ತು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದ್ರೆ ವರ್ಷಕ್ಕೆ 24. ಆ ಸೆಲ್‌ನಲ್ಲಿ 24 ಹೊಡೆದೆ. ಚಿಕ್ಕದು ಮೈನಸ್ 5,831, ದೊಡ್ಡದು ಮೈನಸ್ 1,09,669. ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ತೋರ್ಸಿದೆ, ಅಪ್ಪ ನೋಡಿ ಸುಮ್ನಾದ್ರು, ಕೈಸಾಲದ ಮಾತು ಅವತ್ತಿಗೆ ನಿಂತೋಯ್ತು. ಇದೊಂದಕ್ಕೇ ಈ ಫಂಕ್ಷನ್‌ಗೆ ನಾನು ಋಣಿ.

ಈಗ ನಂಗೆ ಎನ್‌ಪಿವಿ ಯಾಕೆ ಇಷ್ಟ ಆಯ್ತು ಅನ್ನೋದಕ್ಕೆ ಬರ್ತೀನಿ. ಅದು ರೂಪಾಯಿಲಿ ಇರೋದ್ರಿಂದ ಕೂಡ್ಬಹುದು ಕಳೀಬಹುದು. ಮನೆ ಖರ್ಚಿನ ಚೀಟಿ ಥರ ಒಂದೊಂದು ವಿಷ್ಯನೂ ಒಂದೊಂದು ಸಾಲು ಮಾಡಿ ಅದ್ರ ಇವತ್ತಿನ ಬೆಲೆ ಹಾಕಿ ಕೆಳಗೆ ಮೊತ್ತ ನೋಡ್ಬಹುದು. ಪರ್ಸೆಂಟಲ್ಲಿ ಹಂಗೆ ಆಗಲ್ಲ, ಒಂದು ಪ್ರಾಜೆಕ್ಟಿನ 20%ಗೆ ಸೈಟ್ ಬಾಡಿಗೆಯ ಇಷ್ಟು ಪರ್ಸೆಂಟ್ ಕಳೀತೀನಿ ಅಂದ್ರೆ ಅರ್ಥನೇ ಇಲ್ಲ. ರಿಪೋರ್ಟಲ್ಲಿ ಬಿಟ್ಟೋಗಿದ್ದನ್ನೆಲ್ಲ ಒಂದೊಂದಾಗಿ ಸಾಲು ಸೇರಿಸ್ತಾ ಹೋದೆ.

ಮೊದಲನೇದು ಶೇಂಗಾ ಸ್ಟಾಕ್. ಸುಗ್ಗಿಲಿ ಕಾಯಿ ತಗೊಂಡು ಗೋಡೌನಲ್ಲಿ ಇಟ್ಕೊಂಡಿರ್ಬೇಕು, ಇಲ್ಲಾಂದ್ರೆ ಆಮೇಲೆ ರೇಟ್ ಎಲ್ಲಿಗೆ ಹೋಗುತ್ತೋ. ಬೆಂಬಲ ಬೆಲೆನೇ 2025-26ಕ್ಕೆ ಕ್ವಿಂಟಲ್‌ಗೆ 7,263 ರೂಪಾಯಿ, ಆ ರೇಟಲ್ಲೇ ಸಿಕ್ತು ಅಂದ್ಕೊಂಡ್ರೂ 3 ಲಕ್ಷಕ್ಕೆ 41 ಕ್ವಿಂಟಲ್ ಬರುತ್ತೆ ಅಷ್ಟೇ. ಈ ದುಡ್ಡು ಖರ್ಚಲ್ಲ, ಐದನೇ ವರ್ಷ ಸ್ಟಾಕ್ ಮಾರಿದ್ರೆ ವಾಪಸ್ ಬರುತ್ತೆ ಅಂತ ಕನ್ಸಲ್ಟೆಂಟ್ ಬಿಟ್ಟಿದ್ರಂತೆ. ಬರುತ್ತೆ ನಿಜ, ಆದ್ರೆ ಐದು ವರ್ಷ ಕಟ್ಟಾಕ್ಕೊಂಡಿರೋ ದುಡ್ಡು ಅದು. ಇವತ್ತು 3 ಲಕ್ಷ ಹೋಗಿ ಐದನೇ ವರ್ಷ 3 ಲಕ್ಷ ಬಂದ್ರೆ 12% ಲೆಕ್ಕದಲ್ಲಿ ನಷ್ಟ 1,29,772. ದೊಡ್ಡದು 1,64,473ಕ್ಕೆ ಇಳೀತು. ಚಿಕ್ಕದಕ್ಕೆ 1 ಲಕ್ಷದ ಸ್ಟಾಕ್ ಸಾಕು, ಅದು 1,05,603ಕ್ಕೆ ಬಂತು. ಇನ್ನೂ ದೊಡ್ಡದೇ ಮುಂದೆ.

ಎರಡನೇದು ಸೈಟ್. ಇದು ನಂಗೂ ಹೊಳೆದಿರ್ಲಿಲ್ಲ, ಅಮ್ಮ ಹೇಳಿದ್ದು. ರಸ್ತೆ ಪಕ್ಕದ ಸೈಟನ್ನ ಕಬ್ಬಿಣ ಸಿಮೆಂಟ್ ಅಂಗಡಿಯೋರು ಸಾಮಾನು ಹಾಕೋಕೆ ತಿಂಗಳಿಗೆ 4,000ಕ್ಕೆ ಕೇಳ್ತಾ ಇದಾರಂತೆ, ವರ್ಷದಿಂದ. "ನಮ್ದೇ ಜಾಗ, ಅದಕ್ಕೇನು ದುಡ್ಡು ಕೊಡ್ಬೇಕಾ" ಅಂತ ತಮ್ಮ. ಕೊಡ್ಬೇಕಾಗಿಲ್ಲ, ಆದ್ರೆ ಬರೋದು ನಿಲ್ಲುತ್ತೆ. ವರ್ಷಕ್ಕೆ 48,000, ಐದು ವರ್ಷದ್ದು ಇವತ್ತಿನ ಬೆಲೆಗೆ 1,73,029. ಆ ಸಾಲು ಸೇರಿಸಿದ ಕೂಡ್ಲೇ ದೊಡ್ಡ ಯೂನಿಟ್ಟಿನ ಮೊತ್ತ ಮೈನಸ್ 8,556. ನಲವತ್ತು ಪೇಜ್ ರಿಪೋರ್ಟಲ್ಲಿ ಇಲ್ಲದ ವಿಷ್ಯ, ಅಡಿಗೆ ಮನೆಯಿಂದ ಅಮ್ಮ ಹೇಳಿದ ಒಂದು ಮಾತಿಗೆ ಇಡೀ ಲೆಕ್ಕ ತಿರುಗಿತು. ಇದನ್ನ ನಾನು ಯಾವತ್ತೂ ಮರೆಯಲ್ಲ.

ತಮ್ಮ ಬೇಜಾರಾದ, ಸಹಜ. ಅವನು ಹೇಳಿದ್ರಲ್ಲೂ ಒಂದು ನ್ಯಾಯ ಇತ್ತು, "ಅಕ್ಕ, ಐದು ವರ್ಷ ಆದ್ಮೇಲೆ ಶೆಡ್ ಏನು ಗಾಳಿಗೆ ಹಾರೋಗುತ್ತಾ?" ಸರಿನೇ. ನಾನು ಕೊನೇಲಿ ಸೊನ್ನೆ ಬೆಲೆ ಇಟ್ಟಿದ್ದೆ. ಶೆಡ್ಡಿಗೂ ಮೆಷಿನ್‌ಗೂ ಸೇರಿ ಐದನೇ ವರ್ಷದ ಕೊನೇಗೆ 2 ಲಕ್ಷ ಅಂತ ಇಟ್ವಿ, ಇವತ್ತಿನ ಬೆಲೆ 1,13,485. ಮೊತ್ತ 1,04,929 ಆಯ್ತು. ಚಿಕ್ಕದ್ರದ್ದು 1,05,603, ಅದಕ್ಕೆ ಕೊನೆ ಬೆಲೆ ಇನ್ನೂ ಸೊನ್ನೆನೇ. ಅಂದ್ರೆ ಸ್ಟಾಕ್ ಸೇರಿ 17 ಲಕ್ಷ ಹಾಕಿದ್ರೂ ಅಷ್ಟೇ, 6 ಲಕ್ಷ ಹಾಕಿದ್ರೂ ಅಷ್ಟೇ! ಎಷ್ಟು ಹತ್ರ ಬಂತು ಅಂದ್ರೆ ನಾನು ಮತ್ತೆ ಮೇಲಿಂದ ಎಲ್ಲ ಸೆಲ್ ಚೆಕ್ ಮಾಡ್ದೆ.

ಮೂರನೇದು ಸಬ್ಸಿಡಿ. ಕೇಂದ್ರದ ಪಿಎಂಎಫ್‌ಎಂಇ ಯೋಜನೆ, 2020ರಲ್ಲಿ ಶುರುವಾಗಿದ್ದು, ಸಣ್ಣ ಆಹಾರ ಸಂಸ್ಕರಣೆ ಘಟಕಗಳಿಗೆ ಅರ್ಹ ವೆಚ್ಚದ 35%, ಗರಿಷ್ಠ 10 ಲಕ್ಷ, ಸಾಲದ ಜೊತೆಗೆ ಬರೋದು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಇನ್ನೂ 15% ಸೇರಿಸಿ ಒಟ್ಟು 50%, ಗರಿಷ್ಠ 15 ಲಕ್ಷ ಮಾಡಿತ್ತು. ತುಂಬಾ ಒಳ್ಳೆ ಯೋಜನೆ, ಎಷ್ಟೋ ಜನ ರೊಟ್ಟಿ, ಚಟ್ನಿಪುಡಿ, ಗಾಣ ಅಂತ ಶುರು ಮಾಡಿದಾರೆ. ಆದ್ರೆ ರಿಪೋರ್ಟಲ್ಲಿ ಆ ದುಡ್ಡು ಮೊದಲ ದಿನವೇ ಕೈಗೆ ಬಂದ ಹಾಗೆ ತೋರ್ಸಿದ್ರು. ನಿಯಮ ಓದಿದ್ರೆ ಹಂಗಿಲ್ಲ, ಸಬ್ಸಿಡಿ ಬ್ಯಾಂಕಲ್ಲೇ ಬೇರೆ ಖಾತೆಲಿ ಇರುತ್ತೆ, ಸಾಲದ ಕೊನೆ ಕಂತು ಬಿಡುಗಡೆ ಆಗಿ ಮೂರು ವರ್ಷ ಆದ್ಮೇಲೂ ಖಾತೆ ಸರಿಯಾಗಿದ್ದು, ಘಟಕ ನಡೀತಾ ಇದ್ರೆ ಆಗ ಸಾಲಕ್ಕೆ ಜಮಾ. ಹಂಗಾಗಿ ಮೂರನೇ ವರ್ಷದ ಸಾಲಿಗೆ ಹಾಕ್ದೆ. ನಮ್ಮ ಅಂದಾಜಲ್ಲಿ ದೊಡ್ಡದಕ್ಕೆ 5 ಲಕ್ಷ, ಇವತ್ತಿನ ಬೆಲೆ 3,55,890. ಚಿಕ್ಕದಕ್ಕೆ 2 ಲಕ್ಷ, ಇವತ್ತಿನ ಬೆಲೆ 1,42,356. ಈಗ ದೊಡ್ಡದು 4,60,819, ಚಿಕ್ಕದು 2,47,959. ಮತ್ತೆ ದೊಡ್ಡದು ಮುಂದೆ!

ಅಂದ್ರೆ ದೊಡ್ಡ ಯೂನಿಟ್ ಚಿಕ್ಕದಕ್ಕಿಂತ ಮುಂದೆ ಹೋಗೋದು ಪೂರ್ತಿ ಸಬ್ಸಿಡಿ ಬಲದಿಂದ. ಎಣ್ಣೆ ಮಾರಿ ಅಲ್ಲ. ಈ ಮಾತನ್ನ ಐಆರ್‌ಆರ್ 20% ಅನ್ನೋ ಒಂದು ಅಂಕಿ ನಮಗೆ ಹೇಳ್ತಾನೇ ಇರ್ಲಿಲ್ಲ, ಸಾಲು ಸಾಲಾಗಿ ಬಿಡಿಸಿದ ಎನ್‌ಪಿವಿ ಹೇಳ್ತು.

ಗೋಲ್ ಸೀಕ್ ಬಗ್ಗೆ ಹೇಳ್ದೆ ಇರಕ್ಕಾಗಲ್ಲ. ಡೇಟಾ ಟ್ಯಾಬಲ್ಲಿ ವಾಟ್-ಇಫ್ ಅನಾಲಿಸಿಸ್ ಒಳಗಿದೆ. ಎನ್‌ಪಿವಿ ಸೆಲ್ ಸೊನ್ನೆ ಆಗ್ಬೇಕು, ಅದಕ್ಕೆ ವರ್ಷದ ಉಳಿಕೆ ಎಷ್ಟಾಗ್ಬೇಕು ಅಂತ ಕೇಳಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಹುಡುಕಿ ಕೊಡುತ್ತೆ. ಒಂದು ಷರತ್ತು, ಬದಲಾಯಿಸೋ ಸೆಲ್ ಒಂದೇ ಇರ್ಬೇಕು, ಹಂಗಾಗಿ ಐದೂ ವರ್ಷದ ಸಾಲು ಒಂದೇ ಸೆಲ್‌ಗೆ ಲಿಂಕ್ ಮಾಡ್ಕೊಳ್ಳಿ. ಬೇರೆ ಸಾಲುಗಳಿಲ್ಲದ ಮೊದಲನೇ ಲೆಕ್ಕದಲ್ಲೇ ನೋಡಿದ್ರೂ ದೊಡ್ಡದಕ್ಕೆ 3,88,374 ಬಂತು, ಅಂದ್ರೆ ನಮ್ಮ ಅಂದಾಜು 4,70,000ಕ್ಕಿಂತ 17% ಕಮ್ಮಿ ಆದ್ರೆ ಸಾಕು ಲಾಭ ಸೊನ್ನೆ. ಚಿಕ್ಕದಕ್ಕೆ 1,38,705, ಅಂದ್ರೆ 23% ಬಿದ್ರೂ ತಡ್ಕೊಳ್ಳುತ್ತೆ. ಮಳೆ ನಂಬಿ ಶೇಂಗಾ ಬೆಳೆಯೋ ಜಾಗ ನಮ್ದು, ಕಾಯಿ ರೇಟ್ ಏರಿದ್ರೆ 17% ಏನೂ ದೂರ ಇಲ್ಲ.

ಕೊರತೆ ಅಂದ್ರೆ, ಇವೆಲ್ಲ ಫಂಕ್ಷನ್‌ಗಳು ನೀವು ಕೊಟ್ಟ ಅಂಕಿ ಸರಿನಾ ತಪ್ಪಾ ಅಂತ ಕೇಳೋದೇ ಇಲ್ಲ. ಸೈಟ್ ಬಾಡಿಗೆ ಬಿಟ್ಟಿದೀರ ಅಂತ ಯಾವ ಸಾಫ್ಟ್‌ವೇರೂ ಹೇಳಲ್ಲ. ಐಆರ್‌ಆರ್ ಕೆಲವು ಸಲ ಉತ್ತರ ಸಿಗದೆ ಎರರ್ ತೋರ್ಸುತ್ತೆ, ಆಗ ಕೊನೇಲಿ ಒಂದು ಊಹೆ ರೇಟ್ ಕೊಡ್ಬೇಕು, ಕೊಡದೆ ಇದ್ರೆ ಅದು 10% ಇಂದ ಹುಡುಕೋಕೆ ಶುರು ಮಾಡುತ್ತೆ. ಇನ್ನು ಕಾಮಾ ವಿಷ್ಯ, ವಿಂಡೋಸ್‌ನಲ್ಲಿ ರೀಜನ್ ಇಂಡಿಯಾ ಅಂತ ಮಾಡ್ಕೊಳ್ಳಿ, ಆಗ 14,00,000 ಅಂತ ನಮ್ಮ ಲಕ್ಷದ ರೀತಿಲಿ ಬರುತ್ತೆ, ಇಲ್ಲಾಂದ್ರೆ 1,400,000 ಅಂತ ಕಾಣುತ್ತೆ, ಅಪ್ಪಂಗೆ ಓದೋಕೆ ಆಗ್ತಿರ್ಲಿಲ್ಲ. ಸಾಲುಗಳ ಹೆಸರೆಲ್ಲ ಕನ್ನಡದಲ್ಲೇ ಟೈಪ್ ಮಾಡ್ದೆ, "ಹಿಂಡಿ ಮಾರಾಟ", "ಸೈಟ್ ಬಾಡಿಗೆ ತಪ್ಪಿದ್ದು", ಏನೂ ತೊಂದ್ರೆ ಆಗ್ಲಿಲ್ಲ. ದುಡ್ಡು ಕೊಟ್ಟು ಎಕ್ಸೆಲ್ ತಗೊಳ್ಳೋಕೆ ಆಗದೋರು ಲಿಬ್ರೆಆಫೀಸ್ ಹಾಕ್ಕೊಳ್ಳಿ, ಪೂರ್ತಿ ಉಚಿತ, ಈ ಎಲ್ಲ ಫಂಕ್ಷನ್ನೂ ಗೋಲ್ ಸೀಕೂ ಅದ್ರಲ್ಲಿವೆ, ನಾನು ಇದೇ ಶೀಟ್ ಅದ್ರಲ್ಲಿ ತೆಗ್ದು ನೋಡಿದೆ, ಉತ್ತರ ಒಂದೇ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಆ ಅರ್ಧ ಕಟ್ ಮಾಡಿದ್ದು ಎನ್‌ಪಿವಿ ಅಂತ ಹೆಸರಿಟ್ಟು ಬಂಡವಾಳನ ಹೊರಗಿಂದ ಸೇರಿಸ್ಬೇಕಾಗಿರೋದಕ್ಕೆ, ಹೊಸಬ್ರು ಖಂಡಿತ ಎಡವ್ತಾರೆ.

ಕೊನೆಗೆ ಮನೇಲಿ ಏನಾಯ್ತು ಅಂದ್ರೆ, ಸಬ್ಸಿಡಿ ಇಲ್ಲದೆನೂ ನಿಲ್ಲೋದನ್ನ ಮಾಡೋಣ ಅಂತ ಅಪ್ಪ ಹೇಳಿದ್ರು, ತಮ್ಮ ಎರಡು ದಿನ ಯೋಚ್ನೆ ಮಾಡಿ ಒಪ್ಪಿದ. ಮನೆ ಪಕ್ಕದ ರೂಮಲ್ಲಿ ಒಂದು ಗಾಣ, ಅದಕ್ಕೇ ಸಬ್ಸಿಡಿ ಅರ್ಜಿ. ಸೈಟನ್ನ ಸಿಮೆಂಟ್ ಅಂಗಡಿಯೋರಿಗೆ ಹನ್ನೊಂದು ತಿಂಗಳ ಕರಾರಿಗೆ ಕೊಟ್ಟಾಯ್ತು, ಮುಂದೆ ದೊಡ್ಡದು ಮಾಡ್ಬೇಕು ಅಂದ್ರೆ ಬಿಡಿಸ್ಕೊಳ್ಳೋ ಹಂಗೆ. ಬಾಗೆ ಮರದ ಗಾಣಕ್ಕೆ ಅಡ್ವಾನ್ಸ್ ಕೊಟ್ಟಿದೀವಿ. ಶೀಟಲ್ಲಿ ಅಂದಾಜಿನ ಪಕ್ಕ "ನಿಜವಾಗಿ ಬಂದಿದ್ದು" ಅಂತ ಒಂದು ಖಾಲಿ ಕಾಲಂ ಮಾಡಿಟ್ಟಿದೀನಿ, ತಮ್ಮ ತಿಂಗಳು ತಿಂಗಳು ತುಂಬ್ತೀನಿ ಅಂದಿದಾನೆ, ಮೊದಲ ವರ್ಷ ಮುಗಿದ್ಮೇಲೆ ಆ ಅಂಕಿಗಳನ್ನ ಇಲ್ಲೇ ಹಾಕ್ತೀನಿ.